ಹಳೇ ಬಡಾವಣೆಯಲ್ಲಿ ಬಾಡಿಗೆ ಏರಿಕೆ: ಬಾಡಿಗೆ ಮಿತಿಗೆ ಹೋರಾಡುವುದೋ, ಭೂ ಟ್ರಸ್ಟ್ ಕಟ್ಟುವುದೋ?

ಪ್ರಶ್ನೆ:
ಹಳೇ ಮನೆಗಳು ಒಂದೊಂದಾಗಿ ಕೈ ಬದಲಾಗುತ್ತಿವೆ. ಬಾಡಿಗೆಯವರು ಖಾಲಿ ಮಾಡುತ್ತಿದ್ದಾರೆ, ಸ್ವಂತ ಮನೆಯಿರುವ ವೃದ್ಧರಿಗೆ ಆಸ್ತಿ ತೆರಿಗೆ ಕಟ್ಟಲಾಗುತ್ತಿಲ್ಲ. ನಿವಾಸಿಗಳ ಸಂಘದ ಹತ್ತಿರ ಇರುವುದು ಅಲ್ಪಸ್ವಲ್ಪ ದುಡ್ಡು. ಬಾಡಿಗೆ ಏರಿಕೆಗೆ ಕಾನೂನಿನ ಮಿತಿ ಕೇಳುವುದೋ, ನಿವಾಸಿಗಳೇ ಸೇರಿ ನೆಲ ಹಿಡಿದಿಟ್ಟುಕೊಳ್ಳುವ ಭೂ ಟ್ರಸ್ಟ್ ಕಟ್ಟುವುದೋ, ಮೊದಲು ಯಾವುದಕ್ಕೆ ಕೈಹಾಕಬೇಕು?

ಉತ್ತರ 1:
ಎರಡಕ್ಕೂ ಮುಂಚೆ ಮನೆಮನೆ ಪಟ್ಟಿ ಮಾಡಿ. ಮಾಲೀಕರು ಯಾರು, ಕರಾರು ಎಂದು ಮುಗಿಯುತ್ತದೆ, ಬಾಡಿಗೆ ರಸೀದಿ ಇದೆಯೇ. ಬಾಯಿಮಾತಿನ ಕರಾರಿನವರೇ ಮೊದಲು ಹೊರಬೀಳುವುದು. ಅವರು ಮುಂದಿನ ತಿಂಗಳಿಂದ ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡಲಿ, ಹಳೇ ಕರೆಂಟ್ ಬಿಲ್ಲುಗಳನ್ನು ಎಸೆಯದಿರಲಿ. ಸ್ವಂತ ಮನೆಯವರನ್ನು ಇವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ: ಬೆಲೆ ಏರಿದರೆ ಅವರಿಗೆ ಆಸ್ತಿ, ಇವರಿಗೆ ಗಂಟುಮೂಟೆ. ವೃದ್ಧರಿಗಾಗಿ, ಮನೆ ಮಾರುವವರೆಗೆ ತೆರಿಗೆ ಬಾಕಿ ಮುಂದೂಡುವ ಸೌಲಭ್ಯ ಕೇಳಿ.

ಉತ್ತರ 2:
ಬಾಡಿಗೆ ಮಿತಿ ಕೇಳುವಾಗ ಒಂದು ಕಲಮು ಬಿಟ್ಟರೆ ಇಡೀ ಕಾಯ್ದೆ ಪೊಳ್ಳು. ಮನೆ ಖಾಲಿಯಾದಾಗ ಮನಬಂದಷ್ಟು ಏರಿಸಬಹುದು ಎಂದಿದ್ದರೆ, ಹಳಬರನ್ನು ಒಕ್ಕಲೆಬ್ಬಿಸಿದಷ್ಟೂ ಮಾಲೀಕನಿಗೆ ಲಾಭ. ಇನ್ನೊಂದು ತೂತು ‘ನವೀಕರಣ’: ಮನೆ ದುರಸ್ತಿಯ ನೆಪದಲ್ಲಿ ಬಾಡಿಗೆ ಏರಿಸುವುದು. ಹಳೇ ನಿವಾಸಿಗಳು ಚದುರದಿರಲೆಂದು ಬರ್ಲಿನ್ನಿನಲ್ಲಿ ಗುರುತಿಸಿದ ರಕ್ಷಿತ ಬಡಾವಣೆಗಳಲ್ಲಿ ಎರಡು ಮನೆ ಸೇರಿಸಿ ಒಂದು ಮಾಡಲೂ ಅನುಮತಿ ಬೇಕು. ಆದರೆ ಆ ನಿಯಮ ಬಾಡಿಗೆಯನ್ನು ನೇರವಾಗಿ ತಡೆಯುವುದಿಲ್ಲ. ಅದೇ ನಗರದ ಬಾಡಿಗೆ ಮಿತಿ ಕಾಯ್ದೆಯನ್ನು 2021ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ರದ್ದು ಮಾಡಿತು, ಅದನ್ನು ಮಾಡುವ ಅಧಿಕಾರ ಬರ್ಲಿನ್‌ಗಿಲ್ಲ ಎಂದು. ನೀವು ಯಾರ ಬಾಗಿಲು ತಟ್ಟಬೇಕೆಂದು ಮೊದಲೇ ನೋಡಿಕೊಳ್ಳಿ.

ಉತ್ತರ 3:
ಭೂ ಟ್ರಸ್ಟಿನಲ್ಲಿ ನೆಲ ಟ್ರಸ್ಟಿನದು, ಕಟ್ಟಡ ಮಾತ್ರ ಮನೆಯವರದು. ನೆಲಕ್ಕೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. 100ಕ್ಕೆ ಕೊಂಡ ಮನೆಗೆ ಪೇಟೆ ಬೆಲೆ ಈಗ 180 ಎನ್ನಿ. ಏರಿಕೆಯ ಕಾಲುಭಾಗ ಮಾರುವವರಿಗೆ ಎಂದಿದ್ದರೆ ಅವರಿಗೆ 120, ಮುಂದಿನವರಿಗೂ ಮನೆ ಹೆಚ್ಚುಕಡಿಮೆ 120ಕ್ಕೇ. ಸೂತ್ರ ತೀರಾ ಬಿಗಿಯಾದರೆ ಯಾರೂ ರಿಪೇರಿಗೆ ದುಡ್ಡು ಹಾಕುವುದಿಲ್ಲ, ಹಾಗಾಗಿ ಛಾವಣಿಯಂಥ ದೊಡ್ಡ ಖರ್ಚು ಬೇರೆಯಾಗಿ ಸೇರುವಂತಿರಲಿ. ನೆಲವಿಲ್ಲದ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಮೀನಮೇಷ ಎಣಿಸುತ್ತವೆ. ಗುತ್ತಿಗೆ ಪತ್ರದ ಕರಡನ್ನು ನೋಂದಣಿಗೆ ಮುಂಚೆಯೇ ಅವರಿಗೆ ತೋರಿಸಿ.

ಸಂಘದ ದುಡ್ಡಲ್ಲೇ ನೆಲ ಕೊಳ್ಳುತ್ತೇವೆ ಎಂದುಕೊಂಡಿದ್ದರೆ ಆಗದ ಮಾತು, ಆಡಳಿತದ ನೆರವು ಬೇಕೇ ಬೇಕು. ಅಮೆರಿಕದ ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ನಿವಾಸಿಗಳ ಸಂಘಕ್ಕೆ 1988ರಲ್ಲಿ ಖಾಲಿ ನಿವೇಶನಗಳನ್ನು ಕಡ್ಡಾಯ ಸ್ವಾಧೀನ ಮಾಡಿಕೊಳ್ಳುವ ಅಧಿಕಾರವೇ ಸಿಕ್ಕಿತ್ತು.

ಪ್ರಶ್ನೆ ಕೇಳಿದವರು:
ಪಾಲಿಕೆಯ ಖಾಲಿ ಜಾಗಗಳು ಕೆಲವಿವೆ. ಅವೂ ಪಟ್ಟಿಗೆ ಸೇರಬೇಕೇ?

ಉತ್ತರ 3:
ಮೊದಲು ಅವೇ. ಹೊಸ ರೈಲು ನಿಲ್ದಾಣ, ಪಾರ್ಕು ಏನಾದರೂ ಘೋಷಣೆಯಾಗುವ ಮುಂಚೆ ಅರ್ಜಿ ಹಾಕಿ. ಆಮೇಲೆ ನೆಲದ ಬೆಲೆ ಟ್ರಸ್ಟಿಗೆ ಎಟುಕುವುದಿಲ್ಲ.