ಅನುದಾನ ನಿಂತ ಮೇಲೆ ಆರೋಗ್ಯ ಒಕ್ಕೂಟ ಉಳಿಸುವುದು ಹೇಗೆ?

ಸಂಚಾಲಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಮುದಾಯ ಆರೋಗ್ಯ ಒಕ್ಕೂಟಕ್ಕೆ ಬರುತ್ತಿದ್ದ ಮೂರು ವರ್ಷದ ಅನುದಾನ ಇನ್ನು ಏಳು ತಿಂಗಳಿಗೆ ಮುಗಿಯುತ್ತದೆ. ಆಸ್ಪತ್ರೆ, ಶಾಲೆಗಳು, ಮಹಿಳಾ ಗುಂಪು, ಯುವಕರ ಸಂಘ, ಅಂಗವಿಕಲರ ವೇದಿಕೆ ಎಲ್ಲ ಸೇರಿ ಹದಿನಾಲ್ಕು ಸಂಸ್ಥೆಗಳು ಕಟ್ಟಿಕೊಂಡ ಒಕ್ಕೂಟ. ಬಿಪಿ, ಸಕ್ಕರೆ ತಪಾಸಣೆ, ತಂಬಾಕು ಬಿಡಿಸುವುದು, ಬಾಣಂತಿಯರ ಮನೆ ಭೇಟಿ, ಇವು ನಮ್ಮ ಕೆಲಸ. ಸಂಬಳ ಇರುವುದು ನನಗೊಬ್ಬಳಿಗೆ. ಮುಂದೇನು ಅಂತ ಕಳೆದ ಸಭೆಯಲ್ಲಿ ಕೇಳಿದಾಗ ಮೂರು ಸಲಹೆ ಬಂದವು: ಇನ್ನೊಂದು ಅನುದಾನಕ್ಕೆ ಅರ್ಜಿ ಹಾಕುವುದು, ಸದಸ್ಯ ಸಂಸ್ಥೆಗಳಿಂದ ವಂತಿಗೆ ಎತ್ತುವುದು, ಒಂದು ತಂಪು ಪಾನೀಯ ಕಂಪನಿಯ ಪ್ರಾಯೋಜಕತ್ವ ಒಪ್ಪಿಕೊಳ್ಳುವುದು. ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ.

ಹಳೆಯ ಖಜಾಂಚಿ:
ಮೇಡಂ, ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡಿ. ಏನು ಉಳಿಯಬೇಕು ಅನ್ನುವುದು ಮೊದಲು. ನಾನು ಒಂಬತ್ತು ವರ್ಷ ಇಂಥದ್ದೇ ಒಂದು ಒಕ್ಕೂಟದ ಲೆಕ್ಕ ಬರೆದವನು. ದುಡ್ಡು ನಿಲ್ಲುವ ವರ್ಷ ಸಿಕ್ಕಸಿಕ್ಕ ಕಡೆ ಅರ್ಜಿ ಹಾಕಿದೆವು, ಒಂದೂ ಕೈಹಿಡಿಯಲಿಲ್ಲ. ಆದರೆ ಆ ಗಡಿಬಿಡಿಯಲ್ಲೇ ಮಾಡಿದ ಒಂದು ಕೆಲಸ ಇವತ್ತಿಗೂ ನಡೀತಿದೆ. ನಮ್ಮ ಕಾರ್ಯಕರ್ತೆಯ ಚೀಲದಲ್ಲಿ ಓಡಾಡುತ್ತಿದ್ದ ಬಿಪಿ ಯಂತ್ರಗಳನ್ನು ಆಸ್ಪತ್ರೆಯ ಸ್ಟಾಕ್ ರಿಜಿಸ್ಟರಿಗೆ ಏರಿಸಿದೆವು. ಅವತ್ತಿನಿಂದ ಬ್ಯಾಟರಿ ಹೋದರೆ ಸ್ಟೋರಿನವರೇ ಹಾಕಿಸುತ್ತಾರೆ, ತೋಳಿಗೆ ಸುತ್ತುವ ಪಟ್ಟಿ ಹರಿದರೆ ಹೊಸದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹೋಗುತ್ತದೆ. ತಪಾಸಣೆ ಹೊರರೋಗಿ ವಿಭಾಗದ ಮಂಗಳವಾರದ ಕೆಲಸವಾಗಿ ಕೂತುಬಿಟ್ಟಿತು. ಒಕ್ಕೂಟ ಈಗ ಇಲ್ಲ, ತಪಾಸಣೆ ಇದೆ. ನಿಮ್ಮ ಕೆಲಸಗಳಲ್ಲಿ ಹೀಗೆ ಯಾರದೋ ದಿನನಿತ್ಯದ ಕೆಲಸದೊಳಗೆ ಸೇರಿಸಬಹುದಾದ್ದು ಎಷ್ಟಿದೆ, ಪಟ್ಟಿ ಮಾಡಿ.

ಅರ್ಜಿ ಬರೆಯುವವಳು:
ಖಜಾಂಚಿಯವರ ಮಾತು ಅರ್ಧ ಒಪ್ಪುತ್ತೇನೆ. ಮಂಗಳವಾರ ಬಂದವರ ಬಿಪಿ ಆಸ್ಪತ್ರೆ ನೋಡುತ್ತದೆ, ಸರಿ. ಬರುವುದನ್ನೇ ಬಿಟ್ಟವರನ್ನು ಯಾರು ನೋಡುತ್ತಾರೆ? ಮಹಿಳಾ ಗುಂಪಿಗೆ ಗೊತ್ತಿರುವ ಸಂಗತಿ ಆಸ್ಪತ್ರೆಗೆ ಮುಟ್ಟಿಸುವುದೇ ಒಕ್ಕೂಟದ ಕೆಲಸ. ಅದನ್ನು ಯಾವ ರಿಜಿಸ್ಟರಿಗೂ ಏರಿಸಲಾಗುವುದಿಲ್ಲ.

ಸಮಾಜಸೇವಾ ಸಂಸ್ಥೆಗಳಿಗೆ ಸಲಹೆ ಕೊಡುವ ಅಮೆರಿಕದ ಜಾನ್ ಕಾನಿಯಾ ಮತ್ತು ಮಾರ್ಕ್ ಕ್ರೇಮರ್ 2011ರಲ್ಲಿ ಸಾಮೂಹಿಕ ಕೆಲಸ ಫಲ ಕೊಡಬೇಕಾದರೆ ಐದು ಸಂಗತಿ ಇರಬೇಕು ಅಂತ ಬರೆದರು. ಒಂದೇ ಗುರಿ, ಒಂದೇ ಅಳತೆ, ಒಬ್ಬರಿಗೊಬ್ಬರು ಪೂರಕವಾದ ಕೆಲಸ, ಬಿಡದ ಮಾತುಕತೆ, ಐದನೆಯದು ಇದನ್ನೆಲ್ಲ ಎತ್ತಿ ಹಿಡಿಯುವ ಬೆನ್ನೆಲುಬಿನಂಥ ಒಂದು ಸಂಸ್ಥೆ. ಅದಕ್ಕೆ ಬೇರೆಯೇ ಸಿಬ್ಬಂದಿ ಬೇಕು, ಸದಸ್ಯರು ಬಿಡುವಿದ್ದಾಗ ಮಾಡಿಕೊಳ್ಳುವ ಕೆಲಸ ಅದಲ್ಲ ಅನ್ನುವುದು ಅವರ ವಾದ. ದಾನಿಗಳು ಬ್ಯಾನರಿಗೆ, ಶಿಬಿರಕ್ಕೆ ಕೊಡುತ್ತಾರೆ. ಈ ಬೆನ್ನೆಲುಬಿಗೆ ಕೊಡುವುದಿಲ್ಲ. ಯಾಕೆಂದರೆ ಅರ್ಜಿಯಲ್ಲಿ ನಾವೇ ಅದನ್ನು ‘ಆಡಳಿತ ವೆಚ್ಚ’ ಅಂತ ಕೊನೆಯ ಸಾಲಿಗೆ ತಳ್ಳಿರುತ್ತೇವೆ. ಸಂಚಾಲಕಿಯ ಸಂಬಳವನ್ನು ಕಾರ್ಯಕ್ರಮದ ವೆಚ್ಚವಾಗಿ ಮೊದಲ ಸಾಲಿನಲ್ಲೇ ಬರೆಯಿರಿ.

ಸ್ವಯಂಸೇವಕ:
ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಕಂಡದ್ದು ಬೇರೆ. ಒಬ್ಬರಿಗೆ ಸಂಬಳ ಅಂತ ಆದ ಕೂಡಲೇ ಉಳಿದವರೆಲ್ಲ ‘ಅವರು ಮಾಡ್ತಾರೆ ಬಿಡು’ ಅಂತ ಕೈಚೆಲ್ಲುತ್ತಾರೆ. ಮತ್ತೆ ಆ ಬೆನ್ನೆಲುಬಿನ ವಿಚಾರಕ್ಕೆ ಬಂದ ಟೀಕೆಯನ್ನೂ ಹೇಳಬೇಕಲ್ಲ: ದೊಡ್ಡ ಸಂಸ್ಥೆಗಳು ಮೇಲೆ ಕೂತು ತೀರ್ಮಾನ ಮಾಡುತ್ತವೆ, ಕಾಯಿಲೆ ಅನುಭವಿಸುವವರಿಗೆ ಕುರ್ಚಿಯೇ ಇರುವುದಿಲ್ಲ ಅಂತ. ಹನಿಗೂಡಿದರೆ ಹಳ್ಳ. ವಂತಿಗೆ ಎತ್ತಿ, ಕೆಲಸ ಹಂಚಿಕೊಳ್ಳಿ.

ವಾರ್ಡಿನ ನರ್ಸ್:
ಕೆಲಸ ಹಂಚಿಕೊಂಡ ಒಕ್ಕೂಟದಲ್ಲಿ ನಾನಿದ್ದೆ ಕಣಪ್ಪ. ಮುಂಚೆ ಇದ್ದ ಸಂಚಾಲಕಿ ಪ್ರತಿ ಸಭೆಯ ಹಿಂದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡೋರು. ಬರೀ ‘ಬನ್ನಿ’ ಅಂತಲ್ಲ, ‘ಹೋದ ಸಲ ಕೇಳಿದ ಸಕ್ಕರೆ ಪರೀಕ್ಷೆಯ ಲೆಕ್ಕ ತರ್ತೀರಾ?’ ಅಂತ. ಅವರ ಹುದ್ದೆ ಹೋದ ಮೇಲೆ ಗ್ರೂಪಿನಲ್ಲಿ ಒಂದು ಮೆಸೇಜ್ ಬೀಳತೊಡಗಿತು. ನಡಾವಳಿ ಪುಸ್ತಕ ತೆಗೆದು ನೋಡಿ, ಇಪ್ಪತ್ತಮೂರು ಸಹಿ ಇದ್ದ ಪುಟದ ಮುಂದೆ ಹದಿನೈದು, ಆಮೇಲೆ ಒಂಬತ್ತು, ಆಮೇಲೆ ನಾಲ್ಕು. ನಾಲ್ಕರಲ್ಲಿ ಒಂದು ನನ್ನದು. ಅದರ ಮುಂದಿನ ಪುಟ ಖಾಲಿ. ಯಾರೂ ಜಗಳ ಆಡಲಿಲ್ಲ, ಯಾರೂ ರಾಜೀನಾಮೆ ಕೊಡಲಿಲ್ಲ.

ಖಜಾಂಚಿ ಸರ್ ಹೇಳಿದ ಹಾಗೆ ಯಂತ್ರ ಆಸ್ಪತ್ರೆಗೆ ಕೊಡಬಹುದು. ಆ ಫೋನ್ ಯಾರಿಗೆ ಕೊಡೋದು?

ಹಳೆಯ ಖಜಾಂಚಿ:
ನರ್ಸಮ್ಮ, ಆ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮಲ್ಲೂ ತಪಾಸಣೆ ಉಳಿಯಿತೇ ಹೊರತು ಬಾಣಂತಿಯರ ಭೇಟಿ ಉಳಿಯಲಿಲ್ಲ.

ದುಡ್ಡಿನ ವಿಷಯಕ್ಕೆ ಒಂದು ಮಾದರಿ ನೋಡಿ. ಯುವಜನರ ಮಾದಕ ವ್ಯಸನ ತಡೆಯುವ ಒಕ್ಕೂಟಗಳಿಗೆ ಅಮೆರಿಕದಲ್ಲಿ 1997ರ ಒಂದು ಕಾಯ್ದೆಯಡಿ ಅನುದಾನವಿದೆ. ಪೋಷಕರು, ಶಾಲೆ, ಪೊಲೀಸರು, ಮಾಧ್ಯಮ ಅಂತ 12 ವಲಯದವರು ಒಕ್ಕೂಟದಲ್ಲಿ ಇರಲೇಬೇಕು. ಐದೈದು ವರ್ಷದ ಎರಡು ಅವಧಿ, ಒಟ್ಟು 10 ವರ್ಷ. ಮೊದಲ ಆರು ವರ್ಷ ಸರ್ಕಾರ ಕೊಟ್ಟಷ್ಟನ್ನೇ ಒಕ್ಕೂಟ ತನ್ನ ಕಡೆಯಿಂದ ತೋರಿಸಬೇಕು. ಏಳು, ಎಂಟನೇ ವರ್ಷ ಶೇ 125, ಕೊನೆಯ ಎರಡು ವರ್ಷ ಶೇ 150. ಅಂದರೆ ಊರುಗೋಲು ಬಿಡಿಸುವ ಲೆಕ್ಕ ಮೊದಲೇ ಬರೆದಿಟ್ಟಿದ್ದಾರೆ. ಈ ಪಾಲು ನಗದೇ ಆಗಬೇಕಿಲ್ಲ. ಸ್ವಯಂಸೇವಕರ ಗಂಟೆಗಳು, ಪುಕ್ಕಟೆ ಸಿಕ್ಕ ಕೊಠಡಿ ಎಲ್ಲಕ್ಕೂ ಬೆಲೆ ಕಟ್ಟಿ ತೋರಿಸಬಹುದು. ಮೇಡಂ, ನೀವು ಇದನ್ನೆಲ್ಲ ಬರೆದಿಡುತ್ತಿದ್ದೀರಾ?

ಸಂಚಾಲಕಿ:
ಇಲ್ಲ ಸರ್. ಶಾಲೆಯವರು ಮೂರು ವರ್ಷದಿಂದ ಸಭೆಗೆ ಕೋಣೆ ಕೊಟ್ಟಿದ್ದಾರೆ. ಎಲ್ಲೂ ಬರೆದಿಲ್ಲ.

ಸ್ವಯಂಸೇವಕ:
ಇದರಲ್ಲೂ ಒಂದು ತೊಡಕಿದೆ. ಬಡವರೇ ಹೆಚ್ಚಿರುವ ಕಡೆ ಶೇ 150 ಎಲ್ಲಿಂದ ತರೋದು? ಕಾಯಿಲೆ ಎಲ್ಲಿ ಹೆಚ್ಚೋ ಅಲ್ಲೇ ಬಿಡುವಾದ ಗಂಟೆ ಕಡಿಮೆ. ದಿನಗೂಲಿಯವರು ಸಭೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ಅವರ ಗಂಟೆಗೆ ನಾವೇ ದುಡ್ಡು ಕೊಡಬೇಕು, ಅದನ್ನು ಪುಕ್ಕಟೆ ಪಾಲು ಅಂತ ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಅರ್ಜಿ ಬರೆಯುವವಳು:
ಇದು ನಿಜ. ಸಂಸ್ಥೆಗಳಿಂದ ಸಂಬಳ ಪಡೆದು ಸಭೆಗೆ ಬರುವವರ ಗಂಟೆ ಬೇರೆ, ಕೂಲಿ ಬಿಟ್ಟು ಬರುವವರ ಗಂಟೆ ಬೇರೆ. ವಂತಿಗೆಗೂ ಇದೇ ಅಳತೆ ಇಟ್ಟುಕೊಳ್ಳಿ. ಆಸ್ಪತ್ರೆಗೂ ಅಂಗವಿಕಲರ ವೇದಿಕೆಗೂ ಒಂದೇ ಮೊತ್ತ ಹಾಕಬೇಡಿ. ಅವರವರ ಆಯವ್ಯಯ ನೋಡಿ ಹಾಕಿ. ಮತ ಮಾತ್ರ ಎಲ್ಲರಿಗೂ ಒಂದೇ ಇರಲಿ. ಹೆಚ್ಚು ಕೊಟ್ಟವರ ಮಾತೇ ನಡೆಯುವ ಹಾಗೆ ಆದರೆ ಒಕ್ಕೂಟ ಮುಗಿದ ಹಾಗೆ.

ಹೊಸ ಸದಸ್ಯ:
ತಂಪು ಪಾನೀಯದವರ ವಿಷಯ ಯಾರೂ ಎತ್ತಲಿಲ್ಲ. ಷರತ್ತಿಲ್ಲದೆ ಕೊಟ್ಟರೆ ತೆಗೆದುಕೊಂಡರೆ ತಪ್ಪೇನು? ಆ ದುಡ್ಡಿನಲ್ಲಿ ಬಾಣಂತಿಯರ ಭೇಟಿ ನಡೆಯುತ್ತದಲ್ಲ.

ವಾರ್ಡಿನ ನರ್ಸ್:
ಬೇಡಪ್ಪ. ಸಕ್ಕರೆ ಕಾಯಿಲೆ ಶಿಬಿರದ ಬ್ಯಾನರಿನಲ್ಲಿ ಸಿಹಿ ಪಾನೀಯದ ಹೆಸರಿದ್ದರೆ ನಾನು ರೋಗಿಗೆ ಯಾವ ಬಾಯಲ್ಲಿ ‘ಅದನ್ನು ಕುಡೀಬೇಡಿ’ ಅನ್ನಲಿ?

ಅರ್ಜಿ ಬರೆಯುವವಳು:
ಷರತ್ತು ಕಾಗದದಲ್ಲಿ ಇರಲೇಬೇಕು ಅಂತಿಲ್ಲ. ಅಮೆರಿಕದಲ್ಲಿ ಬೊಜ್ಜಿನ ವಿಚಾರಕ್ಕೆ ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್ ಅಂತ ಒಂದು ಕೂಟ ಹುಟ್ಟಿಕೊಂಡಿತ್ತು. ತಿನ್ನುವುದು ಕುಡಿಯುವುದಕ್ಕಿಂತ ವ್ಯಾಯಾಮದ ಕೊರತೆಯ ಮೇಲೆ ಅವರ ಒತ್ತು. ಕೋಕಾ-ಕೋಲಾ ಹಣ ಕೊಟ್ಟ ಸಂಗತಿ 2015ರಲ್ಲಿ ಪತ್ರಿಕೆಯಲ್ಲಿ ಬಂತು. ಆ ಕೂಟಕ್ಕಾಗಿ ಕಂಪನಿಯಿಂದ ಪಡೆದಿದ್ದ 10 ಲಕ್ಷ ಡಾಲರನ್ನು ಕೊಲೊರಾಡೊ ವಿಶ್ವವಿದ್ಯಾಲಯ ವಾಪಸ್ ಕೊಟ್ಟಿತು, ವರ್ಷ ಮುಗಿಯುವ ಮುಂಚೆ ಕೂಟವೇ ಮುಚ್ಚಿತು. ತಂಬಾಕಿನ ವಿಷಯದಲ್ಲಂತೂ ವಿಶ್ವ ಆರೋಗ್ಯ ಸಂಸ್ಥೆಯ 2003ರ ಒಡಂಬಡಿಕೆಯೇ ಇದೆ, ಪ್ರಾಯೋಜಕತ್ವಕ್ಕೆ ಕಡಿವಾಣ ಹಾಕಬೇಕು ಅನ್ನುತ್ತದೆ. ಯಾರಿಂದ ಹಣ ಪಡೆಯುವುದಿಲ್ಲ ಅನ್ನುವ ಠರಾವನ್ನು, ಯಾರೂ ಕೊಡಲು ಬಾರದ ಹೊತ್ತಿನಲ್ಲೇ ಬರೆದಿಡಬೇಕು. ಎದುರಿಗೆ ಚೆಕ್ ಇದ್ದಾಗ ಬರೆಯುವುದು ಕಷ್ಟ.

ಹೊಸ ಸದಸ್ಯ:
ಸರಿ ಮೇಡಂ. ಬ್ಯಾನರಿನ ಮಾತು ನನಗೆ ತಟ್ಟಿತು.

ಹಳೆಯ ಖಜಾಂಚಿ:
ಇನ್ನೊಂದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕಾರ್ಯಕ್ರಮ ಬಾಳುತ್ತದೆಯೇ ಅಂತ ಅಳೆಯಲು ಒಂದು ಪ್ರಶ್ನಾವಳಿ ಮಾಡಿದ್ದಾರೆ. 8 ವಿಭಾಗ, 40 ಪ್ರಶ್ನೆ. ದುಡ್ಡಿನ ಭದ್ರತೆ ಎಂಟರಲ್ಲಿ ಒಂದು ಮಾತ್ರ. ಪಾಲುದಾರಿಕೆ, ಸಂವಹನ, ಮೌಲ್ಯಮಾಪನ, ಬದಲಾವಣೆಗೆ ಹೊಂದಿಕೊಳ್ಳುವುದು ಇವೂ ಇವೆ. ಹದಿನಾಲ್ಕು ಸಂಸ್ಥೆಯವರೂ ಬೇರೆಬೇರೆ ತುಂಬಲಿ, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಆಸ್ಪತ್ರೆ ‘ಚೆನ್ನಾಗಿದೆ’ ಅಂದ ಕಡೆ ಮಹಿಳಾ ಗುಂಪು ಏನು ಬರೆದಿದೆಯೋ ಅಲ್ಲಿಂದ ಮಾತು ಶುರು ಮಾಡಿ.

ಸಂಚಾಲಕಿ:
ಮುಂದಿನ ಸಭೆಗೆ ಮೂರು ವಿಷಯ ಇಡುತ್ತೇನೆ: ತಪಾಸಣೆಯನ್ನು ಆಸ್ಪತ್ರೆಗೆ ಒಪ್ಪಿಸುವುದು, ಆಯವ್ಯಯ ನೋಡಿ ವಂತಿಗೆ, ಯಾರಿಂದ ಹಣ ಬೇಡ ಅನ್ನುವ ಠರಾವು. ಕೋಣೆಯ ಲೆಕ್ಕ ಇವತ್ತೇ ಬರೆಯಲು ಕೂತಿದ್ದೇನೆ. ಒಂದೇ ಸಂಕೋಚ. ವಂತಿಗೆ ಮೊದಲು ಹೋಗಬೇಕಾದ್ದು ಸಂಚಾಲಕಿಯ ಹುದ್ದೆಗೆ ಅಂತ ನಾನೇ ಹೇಗೆ ಹೇಳಲಿ?

ವಾರ್ಡಿನ ನರ್ಸ್:
ನೀವು ಹೇಳಬೇಡಿ ಅಕ್ಕ. ನಿಮ್ಮಲ್ಲಿ ಮನೆ ಭೇಟಿ ಪಡೆದ ಬಾಣಂತಿಯರು ಇರುತ್ತಾರಲ್ಲ, ಅವರಲ್ಲಿ ಒಬ್ಬರನ್ನು ಸಭೆಗೆ ಕರೆಸಿ. ಆ ವಿಷಯ ಬಂದಾಗ ನೀವು ಹೊರಗೆ ಹೋಗಿ ಕೂತಿರಿ.