ಪಲ್ಲು ಗಿಫ್ಟ್: ಕಿಟ್ ಬೇಕೋ ಬ್ಯಾಡೋ

(ಮನಿಯೋರ ಚಾಟ್ ಗ್ರೂಪ್, ಬಳ್ಳಾರಿ. ಪಲ್ಲವಿ, ಅಂದ್ರ ಪಲ್ಲು, ಈ ಗ್ರೂಪಿನಾಗ ಇಲ್ಲ.)

ಬಸಣ್ಣ ಕಾಕಾ: [ಲಿಂಕ್] ಸ್ವಿಮ್ಮಿಂಗ್ ಕಿಟ್, ₹1,899. ಗಾಗಲ್ಸ್, ಕ್ಯಾಪ್, ಇಯರ್ ಪ್ಲಗ್, ಮೂಗಿನ ಕ್ಲಿಪ್, ಕೈಗೆ ಪ್ಯಾಡಲ್ (ನೀರು ಎಳಿಯಾಕ ಅಂಗೈಗೆ ಹಾಕೋ ಹಲಗಿ), ಟವೆಲ್, ಬ್ಯಾಗ್ ಎಲ್ಲಾ ಅದಾವ. ಪಲ್ಲು ಬರ್ತ್‌ಡೇಗೆ ಎಲ್ಲಾರೂ ಕೂಡಿ ಇದನ್ನ ಕೊಡೋಣ. ಸಂಜಿಗೆ ಆರ್ಡರ್ ಹಾಕ್ತೀನಿ.

ಶರಣು: ಕಾಕಾ, ಹಾಕಬ್ಯಾಡ್ರಿ. ಇದು ಬ್ಯಾಸಗಿ ರಜಾದಾಗ ಕಲಿಯಾಕ ಹೋಗೋರಿಗೆ ಸಾಕು. ದಿನಾ ಬೆಳಿಗ್ಗಿ ಈಜೋ ಹುಡುಗಿಗೆ ಇದ್ರಾಗ ಬ್ಯಾಗ್ ಒಂದು ಬಿಟ್ರ ಯಾವುದೂ ಬಾಳ ದಿನ ಬರಂಗಿಲ್ಲ.

ಸುಧಾ ಅತ್ತಿ: ಯಾಕೋ? ಕೊಡೋದು ಕೈತುಂಬ ಇರಬೇಕು. ಒಂದು ಗಾಗಲ್ಸ್ ಕೊಟ್ರ ಏನ್ ಚಂದ ಕಾಣ್ತೈತಿ?

ಶರಣು: ಅತ್ತಿ, ಕ್ಯಾಪ್ ಒಂದನ್ನೇ ನೋಡ್ರಿ. ಕಿಟ್ಟಿನಾಗ ಇರೋದು ಲೇಟೆಕ್ಸ್, ಅಂದ್ರ ತೆಳು ರಬ್ಬರ್. ಪಲ್ಲು ತಲಿಗೆ ಕೊಬ್ಬರಿ ಎಣ್ಣಿ ಹಚ್ಚಾಕಿ. ಎಣ್ಣಿ ತಾಗಿದ್ರ ಲೇಟೆಕ್ಸ್ ಮೆತ್ತಗಾಗಿ ಹರೀತೈತಿ. ನಮ್ಮ ಬಿಸಿಲಾಗ ಸ್ಕೂಟಿ ಡಿಕ್ಕಿಯೊಳಗ ಉಳೀತಂದ್ರ ಮಡಚಿದಲ್ಲೇ ಅಂಟ್ಕೊಂಡು, ಬಿಡಿಸಾಕ ಹೋದಾಗ ಚೂರು ಕಿತ್ತು ಬರ್ತೈತಿ. ಸಿಲಿಕಾನ್ ಕ್ಯಾಪ್ ತರ್ರಿ, ಅದೂ ಉದ್ದ ಕೂದಲಿನವರಿಗೆ ಅಂತ ಬರೋ ದೊಡ್ಡ ಅಳತೀದು. ಸಾದಾ ಕ್ಯಾಪಿನಾಗ ಆಕಿ ಜಡಿ ಕೂಡಂಗಿಲ್ಲ, ಹಿಂದಿನಿಂದ ಜಾರಿ ಮ್ಯಾಲೆ ಬರ್ತೈತಿ.

ಮಂಜುಳಾ ಅಕ್ಕ: ಖರೆ. ಆದ್ರ ಕ್ಯಾಪ್ ಹಾಕಿದ್ರ ಕೂದ್ಲು ಒಣಾ ಇರ್ತಾವ ಅಂತ ತಿಳೀಬ್ಯಾಡ್ರಿ, ನೀರು ಒಳಗ ಹೋಗೇ ಹೋಗ್ತೈತಿ. ಕೊಳಕ್ಕ ಇಳಿಯೋಕಿಂತ ಮೊದ್ಲು ನಳದ ನೀರಾಗ ಕೂದ್ಲು ಪೂರ್ತಿ ತೋಯಿಸಬೇಕು. ಮೊದ್ಲೇ ನೀರು ಕುಡಿದ ಕೂದ್ಲು ಕ್ಲೋರಿನ್ ನೀರನ್ನ ಕಡಿಮಿ ಎಳ್ಕೋತಾವ. ಎಣ್ಣಿ ಈಜಿ ಬಂದ ಮ್ಯಾಲೆ ಹಚ್ಲಿ. ಕೊಳದಾಗ ಎಣ್ಣಿ ಬಿಟ್ರ ಕ್ಲೋರಿನ್ ಅದ್ರ ಮ್ಯಾಲೇ ಖರ್ಚಾಗ್ತೈತಿ, ಫಿಲ್ಟರ್ ಕಟ್ಕೋತೈತಿ. ಗಿಫ್ಟಿಗೆ ಈಜೋರ ಶಾಂಪೂ ಒಂದು ಇರ್ಲಿ. ಲೇಬಲ್ ಓದ್ರಿ, ಸೋಡಿಯಂ ಥಯೋಸಲ್ಫೇಟ್ ಇಲ್ಲಾ ವಿಟಮಿನ್ ಸಿ ಇದ್ರ ಅದು ಕ್ಲೋರಿನ್ ಮುರೀತೈತಿ. ಬರೇ ವಾಸನಿ ಹಾಕಿದ್ದು ಬ್ಯಾಡ.

ಬಸಣ್ಣ ಕಾಕಾ: ಗಾಗಲ್ಸಿಗೆ ಏನಾಗೈತಿ? ಆಂಟಿ ಫಾಗ್ ಅಂತ ಬರದಾರಲ್ಲ.

ಶರಣು: ಎಲ್ಲಾದ್ರ ಮ್ಯಾಲೂ ಬರದಿರ್ತಾರ ಕಾಕಾ. ಮಂಜು ಕಟ್ಟದಂಗ ತಡಿಯೋ ಆ ಲೇಪ ಲೆನ್ಸಿನ ಒಳಮೈಗೆ ಇರ್ತೈತಿ, ಬೆರಳಿಲೆ ತಿಕ್ಕಿದ್ರ ಹೋತು. ದಿನಾ ಈಜೋರಿಗೆ ಹೆಂಗೂ ಕೆಲವು ತಿಂಗಳದಾಗ ಸವೀತೈತಿ. ಪಲ್ಲುಗೆ ಮುಖ್ಯ ತೊಂದ್ರಿ ಬ್ಯಾರೇ ಐತಿ. ಆಕಿ ಚಷ್ಮಾ ನಂಬರ್ ಎರಡೂ ಕಣ್ಣಿಗೆ ಮೈನಸ್ 3.25, ಸಾದಾ ಗಾಗಲ್ಸಿನಾಗ ಗೋಡಿ ಗಡಿಯಾರ ಕಾಣಂಗಿಲ್ಲ. ನಂಬರಿನ ರೆಡಿ ಗಾಗಲ್ಸ್ ಸಿಗ್ತಾವ, ಸಾಮಾನ್ಯವಾಗಿ 0.5ರ ಅಂತರದಾಗ. 3.25 ಇದ್ರ 3.0 ತಗೋಬೇಕು, 3.5 ಬ್ಯಾಡ, ಹೆಚ್ಚಾದ್ರ ಕಣ್ಣು ದಣೀತಾವ. ಸಿಲಿಂಡರ್ ನಂಬರ್ (ಕಣ್ಣಿನ ಡೊಂಕು ತಿದ್ದೋ ನಂಬರ್) ಇದ್ರ ರೆಡಿ ಗಾಗಲ್ಸ್ ಅದನ್ನ ತಿದ್ದಂಗಿಲ್ಲ, ಸಣ್ಣ ನಂಬರಿದ್ರ ಈಜಾಕ ನಡೀತೈತಿ. ಬಯಲಿನ ಕೊಳ, ಬೆಳಗಿನ ಬಿಸಿಲು ಕಣ್ಣಿಗೇ ಹೊಡೀತೈತಿ, ಅದಕ್ಕ ಸ್ಮೋಕ್ ಬಣ್ಣದ್ದು ಇರ್ಲಿ.

ಸುಧಾ ಅತ್ತಿ: ಅಳತಿ ಹೆಂಗ ಗೊತ್ತಾಗ್ಬೇಕು?

ಶರಣು: ಬೆಲ್ಟ್ ಹಾಕದಂಗ ಬರೇ ಒತ್ತಿ ಹಿಡಿದು ಕೈ ಬಿಡಬೇಕು. ಒಂದೆರಡು ಸೆಕೆಂಡ್ ತಾನೇ ಕಚ್ಚಿ ನಿಂತ್ರ ಮುಖಕ್ಕ ಕೂಡ್ತೈತಿ. ಕೂಡದ್ದನ್ನ ಬೆಲ್ಟ್ ಬಿಗಿದು ಕೂಡಿಸಾಕ ಹೋದ್ರ ರಬ್ಬರ್ ಸೊಟ್ಟಾಗಿ ಇನ್ನೂ ಸೋರ್ತೈತಿ. ಮೂಗಿನ ಸೇತುವಿ, ಅಂದ್ರ ಎರಡೂ ಲೆನ್ಸ್ ಕೂಡಿಸೋ ಪಟ್ಟಿ, ಮೂರು ಅಳತೀದು ಕೊಟ್ಟಿರೋ ಮಾಡೆಲ್ ತಗೊಂಡ್ರ ಚಲೋ.

ಮಲ್ಲು: ಎಲ್ಲಾ ಬಿಟ್ಟು ಸ್ಮಾರ್ಟ್‌ವಾಚ್ ಕೊಡ್ರಿ. ಸುತ್ತು ತಾನೇ ಎಣಿಸ್ತೈತಿ. ನೀರು ಧೂಳು ಹೋಗಂಗಿಲ್ಲ ಅನ್ನೋ ಐಪಿ68 ಗುರುತು ಇರೋದು ಅಗ್ಗದಾಗ ಬರ್ತೈತಿ.

ಮಂಜುಳಾ ಅಕ್ಕ: ಐಪಿ68 ನಂಬ್ಕೊಂಡು ಕೊಳಕ್ಕ ಇಳೀಬಾರ್ದು. ಅದು ನಿಂತ ಸಿಹಿನೀರಿನ ಪರೀಕ್ಷೆ. ಈಜಾಕ 5 ಎಟಿಎಂ (ನೀರಿನ ಒತ್ತಡ ತಡೆಯೋ ಅಳತಿ) ಅಂತ ಇರಬೇಕು, ಕೊಳದ ಉದ್ದ 25 ಮೀಟರೋ 50 ಮೀಟರೋ ಹಾಕಾಕ ಬರಬೇಕು, ಇಲ್ಲಾಂದ್ರ ಲೆಕ್ಕ ಪೂರಾ ತಪ್ಪು. ನಮ್ಮ ಬಜೆಟ್ಟಿನಾಗ ಚಲೋದು ಸಿಗಂಗಿಲ್ಲ.

ಬಸಣ್ಣ ಕಾಕಾ: ಪ್ಯಾಡಲ್ ಆದ್ರೂ ಬೇಕಲ್ಲ? ತೋಳಿಗೆ ಬಲ ಬರ್ತೈತಿ.

ಮಂಜುಳಾ ಅಕ್ಕ: ಆ ಚಿತ್ರ ದೊಡ್ಡದು ಮಾಡಿ ನೋಡ್ರಿ ಕಾಕಾ, ಪ್ಯಾಡಲ್ ಅಂಗೈಗಿಂತ ಎಷ್ಟೋ ಅಗಲ ಐತಿ. ಅಷ್ಟು ದೊಡ್ಡದು ಹಾಕಿ ನೀರು ಎಳೆದ್ರ ಭಾರ ಎಲ್ಲಾ ಭುಜದ ಕೀಲಿಗೆ ಬೀಳ್ತೈತಿ. ಅಂಗೈಗಿಂತ ಚೂರೇ ಚೂರು ದೊಡ್ಡದು ಇರಬೇಕು, ಅದೂ ಕೋಚ್ ಹೇಳಿದ್ರ. ಜನ ತುಂಬಿದ ಕೊಳದಾಗ ಪಕ್ಕದೋರಿಗೆ ಬಡೀತೈತಿ. ಸ್ವಿಮ್ ಸೂಟೂ ನಾವು ತರೋದು ಬ್ಯಾಡ. ಅಳತಿ ತಪ್ಪಿದ್ರ ಅಂಗಡಿಯೋರು ಬದಲಿ ಮಾಡೋದು ಕಷ್ಟ. ಆಕಿ ತಾನಾ ತಗೊಂಡಾಗ ಪಾಲಿಯೆಸ್ಟರ್ ಪಿಬಿಟಿ ಬಟ್ಟೀದು ನೋಡ್ಲಿ, ಲೈಕ್ರಾ (ಹಿಗ್ಗೋ ನೂಲು) ಹೆಚ್ಚಿದ್ದದ್ದು ಕ್ಲೋರಿನ್ನಿಗೆ ಬೇಗ ಸಡಿಲಾಗ್ತೈತಿ.

ರವಿ ಮಾಮ: ಆನೆಗೊಂದಿ ಕಡೆ ಹೋದಾಗ ಹೊಳ್ಯಾಗ ಈಜಾಕ ಸೊಂಟಕ್ಕ ಕಟ್ಟೋ ಕಿತ್ತಳಿ ಬಣ್ಣದ ಗಾಳಿ ಚೀಲ ಬರ್ತೈತಲ್ಲ, ಅದನ್ನ ಸೇರಿಸ್ರಿ.

ಶರಣು: ಮಾಮ, ಕೈ ಮುಗೀತೀನಿ, ಅದು ಬ್ಯಾಡ. ಆ ಚೀಲ ದೂರದವರಿಗೆ ಕಾಣಾಕ ಇರೋದು, ಜೀವ ಉಳಿಸೋ ಜಾಕೆಟ್ ಅಲ್ಲ. ತುಂಗಭದ್ರಾದಾಗ ಬಂಡಿಗಲ್ಲಿನ ನಡುವಿನ ಸೆಳವು ಮ್ಯಾಲಿಂದ ಕಾಣಂಗಿಲ್ಲ, ಮೊಸಳಿ ಅದಾವ, ಡ್ಯಾಮಿಂದ ನೀರು ಬಿಟ್ರ ಹೊಳಿ ಏರ್ತೈತಿ. ನಾವು ಅದನ್ನ ಕೊಟ್ರ ಹೊಳಿಗೆ ಇಳಿ ಅಂತ ಹೇಳಿಕೊಟ್ಟಂಗ.

ರವಿ ಮಾಮ: ಸರಿಯಪ್ಪಾ, ಬಿಡ್ರಿ ಹಂಗಾದ್ರ.

ಸುಧಾ ಅತ್ತಿ: ಟವೆಲ್ ಮಾತ್ರ ನಾನು ಬಿಡಂಗಿಲ್ಲ. ದಪ್ಪಂದು ಕೊಡ್ತೀನಿ.

ಮಂಜುಳಾ ಅಕ್ಕ: ದಪ್ಪ ಟವೆಲ್ ಒದ್ದಿ ಆದ್ರ ಬ್ಯಾಗಿನಾಗ ಸಂಜಿತನಕ ನಾರ್ತೈತಿ ಅತ್ತಿ. ಕೈಮಗ್ಗದ ತೆಳು ಟವೆಲ್ ಎರಡು ಕೊಡ್ರಿ, ನಮ್ಮ ಬಿಸಿಲಿಗೆ ಬೇಗ ಒಣಗ್ತಾವ. ಬ್ಯಾಗೂ ಜಾಳಗಿ ಇರೋದು ತರ್ರಿ, ಗಾಳಿ ಆಡ್ತೈತಿ.

ಸುಧಾ ಅತ್ತಿ: ಎರಡಂದ್ರ ಆಗ್ಲಿ. ಆದ್ರ ಎಲ್ಲಾ ಒಂದು ಚಂದದ ಡಬ್ಬಿಯೊಳಗ ಇಟ್ಟು ಕೊಡ್ರಿ.

ಬಸಣ್ಣ ಕಾಕಾ: ಹಂಗಾದ್ರ ನಂಬರಿನ ಗಾಗಲ್ಸ್, ಸಿಲಿಕಾನ್ ಕ್ಯಾಪ್, ಶಾಂಪೂ, ಜಾಳಗಿ ಬ್ಯಾಗ್. ಟವೆಲ್ ಸುಧಾಂದು. ಶರಣು, ಹೋಗಿ ತರೋದು ನಿನ್ನ ಪಾಲಿಗೆ. ರೊಕ್ಕ ಕಳಸ್ತೀನಿ.

ಶರಣು: ಆತು ಕಾಕಾ. ಆಕಿ ಚಷ್ಮಾ ಚೀಟಿ ಫೋಟೋ ಯಾರರ ಆಕಿಗೆ ಗೊತ್ತಾಗದಂಗ ಕಳಸ್ರಿ, ಎರಡೂ ಕಣ್ಣಿನ ನಂಬರ್ ಇನ್ನೊಮ್ಮಿ ನೋಡ್ಬೇಕು. ಮುಖಕ್ಕ ಕೂಡದಿದ್ರ ಬದಲಿ ಕೊಡ್ತಾರೇನು ಅಂತ ಕೇಳೇ ತರ್ತೀನಿ.