ಅಪ್‌ಡೇಟ್: ಮಾವನ ಕೊಲೊನೋಸ್ಕೋಪಿ ಆಯ್ತು

ತೀರ್ಥಹಳ್ಳಿಯ ಮಾವ ದಿನಾ ರಾತ್ರಿ ಬ್ರಾಂದಿ ಹಾಕ್ತಾರೆ, ಮಲದಲ್ಲಿ ರಕ್ತ ಬರ್ತಿದೆ, ಬರೀ ಮೂಲವ್ಯಾಧಿನಾ ಅಂತ ಕೇಳಿದ್ದೆ. ಶಿವಮೊಗ್ಗದಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ) ಮಾಡಿಸಿದ್ವಿ. ದೊಡ್ಡ ಕರುಳಲ್ಲಿ ಪಾಲಿಪ್, ಅಂದ್ರೆ ಒಳಗೋಡೆ ಮೇಲೆ ಬೆಳೆದ ಗಂಟು ಇತ್ತು, ಅಲ್ಲೇ ತೆಗೆದರು. ಬಯಾಪ್ಸಿಯಲ್ಲಿ ಅಡಿನೋಮಾ ಅಂತ ಬಂದಿದೆ. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟಿದ್ರೆ ಮುಂದೆ ಆಗಬಹುದಾದಂಥದ್ದು.

ಕುಡಿತ ಕೆಡಿಸೋದು ಲಿವರ್‌ನ ತಾನೇ, ಕರುಳಿಗೇನು ಅಂತ ಕೆಲವರು ಬರೆದಿದ್ರಿ. ಆಲ್ಕೋಹಾಲ್ ಮೈಯಲ್ಲಿ ಅಸಿಟಾಲ್ಡಿಹೈಡ್ ಅನ್ನೋ ವಿಷಕಾರಿ ರಾಸಾಯನಿಕ ಆಗುತ್ತೆ, ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನ ಮಾಡ್ತವೆ, ಅದು ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಪಟ್ಟಿಗೆ ಸೇರಿಸಿದೆ. ಬ್ರಾಂದಿ, ಬಿಯರ್, ಮನೇಲಿ ಮಾಡಿದ ವೈನ್, ಯಾವುದಕ್ಕೂ ವಿನಾಯ್ತಿ ಇಲ್ಲ. ಹಾಗಂತ ಮಾವನ ಪಾಲಿಪ್ ಕುಡಿತದಿಂದಲೇ ಬಂತು ಅಂತ ಡಾಕ್ಟರ್ ಹೇಳಲಿಲ್ಲ; ವಯಸ್ಸೂ ಆಗಿದೆ.

ಸದ್ಯಕ್ಕೆ ಬಾಟ್ಲಿ ಬಿಟ್ಟಿದ್ದಾರೆ. ಎಲೆ-ಅಡಿಕೆನೂ ಬಿಡಿ ಅಂದ್ರೆ, ‘ಅಡಿಕೆ ತೋಟ ಇಟ್ಟವನಿಗೆ ಹೇಳೋ ಮಾತಾ ಇದು?’ ಅಂತ ರೇಗ್ತಾರೆ.